ಊರು ಬಿಟ್ಟ ಅರಸರು, ಊರೂರು ಅಲೆದ ಹೆಸರು

ಶಾಲೆಯ ಚರಿತ್ರೆ ಪುಸ್ತಕದಲ್ಲಿ ‘ಕರ್ನಾಟಿಕ್ ಯುದ್ಧಗಳು’ ಎಂಬ ಪಾಠವನ್ನು ಓದದೆ ಮುಂದಿನ ತರಗತಿಗೆ ಹೋದವರು ಕಡಿಮೆ. ಇಂಗ್ಲಿಷರಿಗೂ ಫ್ರೆಂಚರಿಗೂ 1746ರಿಂದ 1763ರ ನಡುವೆ ಮೂರು ಸುತ್ತು ನಡೆದ ಈ ಯುದ್ಧಗಳ ಹೆಸರು ಕನ್ನಡದ ಮಕ್ಕಳನ್ನು ಒಂದು ಕ್ಷಣ ಗಲಿಬಿಲಿಗೊಳಿಸುತ್ತದೆ. ಯುದ್ಧ ನಡೆದ ಊರುಗಳನ್ನು ನೋಡಿದರೆ ಆರ್ಕಾಟು, ತಿರುಚಿರಾಪಳ್ಳಿ, ವಂದವಾಸಿ, ಪುದುಚೇರಿ, ಮದರಾಸು. ಇವುಗಳಲ್ಲಿ ಒಂದೂ ಕನ್ನಡ ನಾಡಿನ ಊರಲ್ಲ. ಕಾದಾಡಿದವರಲ್ಲಿ ಒಬ್ಬನಾದ ಆರ್ಕಾಟಿನ ನವಾಬನಿಗೆ ‘ಕರ್ನಾಟಿಕ್ ನವಾಬ’ ಎಂದು ಹೆಸರು. ತಮಿಳು ಸೀಮೆಯಲ್ಲಿ ಕುಳಿತು ಆಳಿದವನಿಗೆ ಕರ್ನಾಟಕದ ಹೆಸರು ಬಂದದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನಮ್ಮ ಪಠ್ಯಪುಸ್ತಕಗಳು ಒಂದೆರಡು ಸಾಲಿನಲ್ಲಿ ಮುಗಿಸುವ ಒಂದು ರಾಜವಂಶ ಎದುರಾಗುತ್ತದೆ. ಅದು ಆರವೀಡು ವಂಶ. ವಿಜಯನಗರವನ್ನು ಆಳಿದ ಸಂಗಮ, ಸಾಳುವ, ತುಳುವ ವಂಶಗಳ ನಂತರದ ನಾಲ್ಕನೆಯದು, ಕೊನೆಯದು. ವಿಜಯನಗರದ ಕಥೆ 1565ರ ಯುದ್ಧಕ್ಕೆ ಮುಗಿಯಿತೆಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಹಂಪೆಯ ಮಟ್ಟಿಗೆ ಅದು ನಿಜ. ಆದರೆ ‘ಕರ್ನಾಟ ಸಾಮ್ರಾಜ್ಯ’ ಎಂಬ ಹೆಸರಿಗೆ ಅಲ್ಲಿಂದ ಮುಂದೆಯೂ ಸುಮಾರು ನೂರು ವರ್ಷಗಳ ಬಾಳು ಇತ್ತು. ರಾಜಧಾನಿ ಕಳೆದುಕೊಂಡ ಅರಸರು ಆ ಹೆಸರನ್ನು ಹೊತ್ತು ಬೆಟ್ಟದಿಂದ ಬೆಟ್ಟಕ್ಕೆ, ಕೋಟೆಯಿಂದ ಕೋಟೆಗೆ ಅಲೆದರು. ಅವರು ನಿಂತ ಕಡೆಯೆಲ್ಲ ಆ ಹೆಸರೂ ಬೇರು ಬಿಟ್ಟಿತು.

ಹಂಪೆಯಿಂದ ಪೆನುಕೊಂಡೆಗೆ

ತುಮಕೂರಿನ ಸದಾಶಿವನಗರದ ಕಡೆಯಿಂದ ಉತ್ತರಕ್ಕೆ ಹೊರಟು ಕೊರಟಗೆರೆ, ಮಧುಗಿರಿಗಳನ್ನು ದಾಟಿದರೆ ಆಂಧ್ರದ ಹಿಂದೂಪುರ ಸಿಗುತ್ತದೆ. ಅದರಾಚೆ ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಪಕ್ಕದಲ್ಲಿ ದೊಡ್ಡದೊಂದು ಬೆಟ್ಟ, ಅದರ ಬುಡದಲ್ಲಿ ಒಂದು ಊರು. ಅದೇ ಪೆನುಕೊಂಡ. ತೆಲುಗಿನಲ್ಲಿ ಹೆಸರಿನ ಅರ್ಥವೇ ‘ದೊಡ್ಡ ಬೆಟ್ಟ’. ಸಂಸ್ಕೃತದ ಶಾಸನಗಳು ಇದನ್ನು ಘನಗಿರಿ ಎನ್ನುತ್ತವೆ. ಕೋಟೆಯ ಗೋಡೆಗಳು, ಗಗನಮಹಲ್ ಎಂಬ ಅರಮನೆ, ಅನೇಕ ದೇವಾಲಯಗಳು ಇಲ್ಲಿ ಉಳಿದಿವೆ. ಹಂಪೆ ಬಿಟ್ಟ ಅರಸರಿಗೆ ಆಸರೆಯಾದ ಊರು ಇದು.

1565ರ ಜನವರಿಯಲ್ಲಿ ಕೃಷ್ಣಾ ನದಿಯ ಬಳಿ ನಡೆದ ಯುದ್ಧವನ್ನು ತಾಳಿಕೋಟೆಯ ಕದನ ಎಂದೂ, ರಕ್ಕಸಗಿ–ತಂಗಡಿ ಕದನ ಎಂದೂ ಕರೆಯುತ್ತಾರೆ. ಒಂದು ಕಡೆ ವಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ಸುಲ್ತಾನರ ಕೂಟ. ಇನ್ನೊಂದು ಕಡೆ ವಿಜಯನಗರದ ಅಳಿಯ ರಾಮರಾಯ. ಕೃಷ್ಣದೇವರಾಯನ ಮಗಳನ್ನು ಮದುವೆಯಾದದ್ದರಿಂದ ‘ಅಳಿಯ’ ಎಂಬ ಹೆಸರು ಅವನಿಗೆ ಅಂಟಿಕೊಂಡಿತ್ತು. ಅಂದು ಸಿಂಹಾಸನದ ಮೇಲಿದ್ದವನು ತುಳುವ ವಂಶದ ಸದಾಶಿವರಾಯ. ಆದರೆ ಅವನ ಅಧಿಕಾರ ಹೆಸರಿಗೆ ಮಾತ್ರ. ಆಡಳಿತ, ಸೈನ್ಯ, ಬೊಕ್ಕಸ ಎಲ್ಲವೂ ಆರವೀಡು ಮನೆತನದ ರಾಮರಾಯ ಹಾಗೂ ಅವನ ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರ ಕೈಯಲ್ಲಿತ್ತು.

ರಾಮರಾಯ ರಣರಂಗದಲ್ಲೇ ಹತನಾದ. ಬದುಕುಳಿದ ತಿರುಮಲ ರಾಜಧಾನಿಗೆ ಧಾವಿಸಿ ಬಂದು, ಸಾಧ್ಯವಾದಷ್ಟು ಭಂಡಾರವನ್ನು ಆನೆಗಳ ಮೇಲೆ ಹೇರಿಸಿಕೊಂಡು, ಸದಾಶಿವರಾಯನನ್ನೂ ಜೊತೆಗೆ ಕರೆದುಕೊಂಡು ದಕ್ಷಿಣಕ್ಕೆ ಹೊರಟ. ಭಂಡಾರವನ್ನು ಒಯ್ದದ್ದು ಸಹಜ. ಅಧಿಕಾರವೇ ಇಲ್ಲದ ಅರಸನನ್ನು ಒಯ್ದದ್ದೇಕೆ? ಆಗಿನ ರಾಜಕೀಯದಲ್ಲಿ ಚಿನ್ನಕ್ಕೆ ಇದ್ದಷ್ಟೇ ಬೆಲೆ ಸಿಂಹಾಸನದ ಹೆಸರಿಗೂ ಇತ್ತು. ಅರಸ ಜೊತೆಗಿದ್ದರೆ ಹೋದ ಜಾಗವೇ ರಾಜಧಾನಿ, ಅವನ ಹೆಸರಿನಲ್ಲಿ ಹೊರಟ ಆಜ್ಞೆಯೇ ಸಾಮ್ರಾಜ್ಯದ ಆಜ್ಞೆ.

ಎರಡು ವರ್ಷಗಳ ನಂತರ, 1567ರಲ್ಲಿ, ಇಟಲಿಯ ವ್ಯಾಪಾರಿ ಚೆಸಾರೆ ಫೆಡರಿಚಿ ವಿಜಯನಗರಕ್ಕೆ ಬಂದು ಏಳು ತಿಂಗಳು ತಂಗಿದ್ದ. ಮನೆಗಳು ನಿಂತಿದ್ದರೂ ಅವುಗಳಲ್ಲಿ ಜನರಿಲ್ಲ, ಹುಲಿ ಮೊದಲಾದ ಕಾಡುಪ್ರಾಣಿಗಳು ಸೇರಿಕೊಂಡಿವೆ ಎಂದು ಅವನು ಬರೆದಿಟ್ಟ. ತಿರುಮಲ ಹಿಂತಿರುಗಿ ಬಂದು ಊರನ್ನು ಮತ್ತೆ ತುಂಬಿಸಲು ಯತ್ನಿಸಿದ್ದನ್ನೂ ಅವನು ಹೇಳುತ್ತಾನೆ. ಕುದುರೆಗಳನ್ನು ತಂದರೆ ಒಳ್ಳೆಯ ಬೆಲೆ ಕೊಡುವುದಾಗಿ ತಿರುಮಲ ವ್ಯಾಪಾರಿಗಳನ್ನು ಕರೆಸಿದನಂತೆ. ಕುದುರೆಗಳು ಬಂದವು, ವ್ಯಾಪಾರಿಗಳು ಬರಿಗೈಯಲ್ಲಿ ಮರಳಿದರು. ಒಂದು ಕಾಲದಲ್ಲಿ ಅರಬ್ಬಿ ಕುದುರೆಗಳಿಗೆ ಕೇಳಿದಷ್ಟು ಹಣ ಸುರಿಯುತ್ತಿದ್ದ ರಾಜ್ಯ ಎಷ್ಟು ಸೋತಿತ್ತು ಎಂಬುದಕ್ಕೆ ಈ ಒಂದು ಪ್ರಸಂಗ ಸಾಕು. ಕಳ್ಳಕಾಕರ ಕಾಟವೂ ಸೇರಿ ಹಂಪೆಯಲ್ಲಿ ನಿಲ್ಲಲಾಗದೆ ಆಸ್ಥಾನ ಪೆನುಕೊಂಡೆಯಲ್ಲೇ ನೆಲೆಗೊಂಡಿತು.

ಸದಾಶಿವರಾಯನ ಕೊನೆ ದಾರುಣವಾದದ್ದು. ಸೆರೆಯಲ್ಲಿದ್ದ ಅವನನ್ನು ತಿರುಮಲನ ಮಗನೇ ಕೊಂದನೆಂದು ಫೆಡರಿಚಿ ಬರೆದಿದ್ದಾನೆ. 1570ರ ಹೊತ್ತಿಗೆ ತಿರುಮಲ ತಾನೇ ಪಟ್ಟಕ್ಕೆ ಬಂದ. ಕುಸಿದಿದ್ದ ಕರ್ನಾಟ ಸಾಮ್ರಾಜ್ಯವನ್ನು ಮೇಲೆತ್ತಿದವನು ಎಂಬ ಬಿರುದನ್ನು ಧರಿಸಿದ. ಆರವೀಡು ವಂಶದ ಆಳ್ವಿಕೆ ಅಧಿಕೃತವಾಗಿ ಆರಂಭವಾದದ್ದು ಹೀಗೆ.

ಕಪ್ಪು ಸಮುದ್ರದ ದಂಡೆಯ ಇನ್ನೊಂದು ಕಥೆ

ರಾಜಧಾನಿ ಹೋದ ಮೇಲೂ ಹೆಸರು ಹಿಡಿದು ಬಾಳಿದ ರಾಜವಂಶ ಇದೊಂದೇ ಅಲ್ಲ. ಇದಕ್ಕೆ ಮೂರೂವರೆ ಶತಮಾನಗಳ ಹಿಂದೆ ಕಪ್ಪು ಸಮುದ್ರದ ದಂಡೆಯಲ್ಲಿ ಇಂಥದೇ ಒಂದು ಪ್ರಕರಣ ನಡೆದಿತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಕಥೆ ಇನ್ನಷ್ಟು ಸ್ಪಷ್ಟವಾಗುತ್ತದೆ.

1204ರ ಏಪ್ರಿಲ್‌ನಲ್ಲಿ ಪಶ್ಚಿಮ ಯೂರೋಪಿನ ಧರ್ಮಯೋಧರು ಜೆರುಸಲೇಮಿನ ದಾರಿ ಬಿಟ್ಟು ಕ್ರೈಸ್ತರದ್ದೇ ಆದ ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ನುಗ್ಗಿ ಕೊಳ್ಳೆ ಹೊಡೆದರು. ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ ಅದು. ಅದೇ ತಿಂಗಳು, ಹಿಂದಿನ ಸಾಮ್ರಾಟ ಒಂದನೇ ಆಂದ್ರೋನಿಕೋಸ್ ಕೊಮ್ನೆನೋಸನ ಮೊಮ್ಮಕ್ಕಳಾದ ಅಲೆಕ್ಸಿಯೋಸ್ ಮತ್ತು ಡೇವಿಡ್ ಎಂಬ ಸೋದರರು ಜಾರ್ಜಿಯದ ರಾಣಿ ತಮಾರಳ ಸೈನ್ಯದ ನೆರವಿನಿಂದ ಕಪ್ಪು ಸಮುದ್ರದ ಬಂದರು ಪಟ್ಟಣ ಟ್ರೆಬಿಜೋಂಡನ್ನು ಹಿಡಿದರು. ಇಂದಿನ ತುರ್ಕಿಯ ಟ್ರಾಬ್ಜೋನ್ ಪಟ್ಟಣ ಅದು. ಬೆಟ್ಟಸಾಲು ಮತ್ತು ಕಡಲ ನಡುವಿನ ಕಿರಿದಾದ ಪಟ್ಟಿಯಷ್ಟೇ ಅವರ ರಾಜ್ಯ. ಆದರೂ ಅಲೆಕ್ಸಿಯೋಸ್ ತನ್ನನ್ನು ರೋಮನ್ನರ ಸಾಮ್ರಾಟನೆಂದೇ ಕರೆದುಕೊಂಡ. ಗ್ರೀಕ್ ಮಾತನಾಡುತ್ತಿದ್ದ ಬೈಜಾಂಟೈನ್ ಜನ ತಮ್ಮನ್ನು ರೋಮನ್ನರೆಂದೇ ಭಾವಿಸಿದ್ದರು. ಅವರ ವಂಶದವರು ‘ಮಹಾ ಕೊಮ್ನೆನೋಸ್’ ಎಂಬ ಉಪನಾಮವನ್ನು ಹೆಮ್ಮೆಯಿಂದ ಉಳಿಸಿಕೊಂಡರು.

ಇದೇ ವೇಳೆ ನಿಸಿಯ ಎಂಬಲ್ಲಿ ಬೇರೊಂದು ಗ್ರೀಕ್ ರಾಜ್ಯವೂ ತಲೆಯೆತ್ತಿತ್ತು. 1261ರಲ್ಲಿ ಕಾನ್‌ಸ್ಟಾಂಟಿನೋಪಲ್ ಮತ್ತೆ ಗ್ರೀಕರ ವಶವಾದದ್ದು ಅವರಿಂದ. ಆಗ ಒಂದು ಪೇಚು ಹುಟ್ಟಿತು. ಒಂದೇ ಸಾಮ್ರಾಜ್ಯಕ್ಕೆ ಇಬ್ಬರು ಸಾಮ್ರಾಟರೇ? 1282ರಲ್ಲಿ ಟ್ರೆಬಿಜೋಂಡಿನ ಎರಡನೇ ಜಾನ್ ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಅಲ್ಲಿನ ಸಾಮ್ರಾಟ ಎಂಟನೇ ಮೈಕೇಲನ ಮಗಳನ್ನು ಮದುವೆಯಾದ. ಅದಕ್ಕೆ ಪ್ರತಿಯಾಗಿ ‘ರೋಮನ್ನರ ಸಾಮ್ರಾಟ’ ಎಂಬ ಬಿರುದನ್ನು ಬಿಟ್ಟುಕೊಟ್ಟ. ಮುಂದೆ ಅವನ ವಂಶದವರು ಪೂರ್ವ ದೇಶಗಳ ಸಾಮ್ರಾಟರೆಂದು ಹೇಳಿಕೊಂಡು ತೃಪ್ತರಾದರು. ಪರ್ಷಿಯದಿಂದ ಬರುವ ಸರಕಿನ ಸುಂಕ, ನೆರೆಯ ತುರ್ಕಿ ನಾಯಕರಿಗೆ ರಾಜಕುಮಾರಿಯರನ್ನು ಕೊಟ್ಟು ಬೆಳೆಸಿದ ಬೀಗತನ, ಇವುಗಳ ಬಲದಿಂದ ಒಟ್ಟು 257 ವರ್ಷ ಬಾಳಿದರು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಆಟೋಮನ್ ತುರ್ಕರ ವಶವಾದ ಮೇಲೂ ಟ್ರೆಬಿಜೋಂಡ್ ಎಂಟು ವರ್ಷ ಉಳಿದಿತ್ತು. 1461ರಲ್ಲಿ ಕೊನೆಯ ದೊರೆ ಡೇವಿಡ್ ಸುಲ್ತಾನ್ ಎರಡನೇ ಮೆಹಮದನಿಗೆ ಶರಣಾದ. ಎರಡು ವರ್ಷಗಳ ನಂತರ ಅವನನ್ನೂ ಅವನ ಗಂಡುಮಕ್ಕಳನ್ನೂ ಕೊಲ್ಲಿಸಲಾಯಿತು.

ಹೆಸರು ಮಾತ್ರ ಅಲ್ಲಿಯೂ ಅಳಿಯಲಿಲ್ಲ. ರೋಮ್ ನಗರದಿಂದ ಬಹುದೂರದಲ್ಲಿರುವ ಆ ತುರ್ಕಿ ಸೀಮೆಯನ್ನು ಮುಸ್ಲಿಂ ಜಗತ್ತು ‘ರೂಮ್’ ಎಂದೇ ಕರೆಯಿತು, ಅಲ್ಲಿಂದ ಬಂದವರು ‘ರೂಮಿ’ಗಳಾದರು. ತಾಳಿಕೋಟೆಯ ಕದನದಲ್ಲಿ ಅಹಮದ್‌ನಗರದ ಫಿರಂಗಿ ದಳವನ್ನು ನಡೆಸಿದವನ ಹೆಸರು ರೂಮಿ ಖಾನ್ ಎಂಬುದನ್ನು ಇಲ್ಲಿ ನೆನೆಯಬಹುದು. ಒಂದು ಸಾಮ್ರಾಜ್ಯದ ಅಲೆದಾಡಿದ ಹೆಸರು ಹೊತ್ತವನು ಇನ್ನೊಂದು ಸಾಮ್ರಾಜ್ಯದ ಹೆಸರು ಅಲೆಯಲು ಆರಂಭಿಸಿದ ದಿನ ರಣರಂಗದಲ್ಲಿದ್ದ.

ಮೂವರು ಮಕ್ಕಳು, ಮೂರು ಸೀಮೆ

ಟ್ರೆಬಿಜೋಂಡಿನವರಿಗೆ ಕಡಲಿನ ವ್ಯಾಪಾರವಿತ್ತು. ಪೆನುಕೊಂಡೆಯ ತಿರುಮಲನಿಗೆ ಇದ್ದದ್ದು ವಿಶಾಲವಾದ, ಆದರೆ ಕೈಗೆ ಸಿಗದ ನೆಲ. ಆತ ರಾಜ್ಯವನ್ನು ಭಾಷಾ ಸೀಮೆಗಳಿಗೆ ಹೊಂದುವಂತೆ ಮೂರು ಪಾಲು ಮಾಡಿ ಮಕ್ಕಳಿಗೆ ಒಪ್ಪಿಸಿದ. ಹಿರಿಯ ಶ್ರೀರಂಗ ಪೆನುಕೊಂಡೆಯಲ್ಲಿದ್ದು ತೆಲುಗು ಸೀಮೆಯನ್ನೂ, ರಾಮ ಶ್ರೀರಂಗಪಟ್ಟಣದಲ್ಲಿದ್ದು ಕನ್ನಡ ಸೀಮೆಯನ್ನೂ, ವೆಂಕಟಪತಿ ಚಂದ್ರಗಿರಿಯಲ್ಲಿದ್ದು ತಮಿಳು ಸೀಮೆಯನ್ನೂ ನೋಡಿಕೊಳ್ಳಬೇಕೆಂಬುದು ಏರ್ಪಾಡು.

ಈ ಮೂರೂ ಸೀಮೆಗಳಲ್ಲಿ ನೇರ ಅಧಿಕಾರ ಇದ್ದದ್ದು ನಾಯಕರ, ಪಾಳೆಯಗಾರರ ಕೈಯಲ್ಲಿ. ಮಧುರೆ, ತಂಜಾವೂರು, ಜಿಂಜಿಗಳಲ್ಲಿ ದೊಡ್ಡ ನಾಯಕರು. ಮಲೆನಾಡಿನಲ್ಲಿ ಕೆಳದಿಯವರು. ಮೈಸೂರಿನಲ್ಲಿ ಒಡೆಯರು. ಪೆನುಕೊಂಡೆಯ ರಕ್ಷಣೆಗೆ ಹೋರಾಡಿದ ಜಗದೇವರಾಯನಿಗೆ ಚನ್ನಪಟ್ಟಣದ ಸೀಮೆ ದೊರೆಯಿತು. ಇಂದಿನ ತುಮಕೂರು ಜಿಲ್ಲೆಯ ನೆಲವೂ ಹೀಗೆಯೇ ಹಂಚಿಹೋಗಿತ್ತು. ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ, ಹುಲಿಯೂರುದುರ್ಗಗಳು ಕೆಂಪೇಗೌಡರ ಮನೆತನದ ಕೋಟೆಗಳು. ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಲ್ಲಿ ಒಂದು ಪಾಳೆಯಪಟ್ಟು. ಮಧುಗಿರಿಯಲ್ಲಿ ಗೌಡ ಪ್ರಭುಗಳು. ಶಿರಾದಲ್ಲಿ ಕೋಟೆ ಕಟ್ಟಲು ತೊಡಗಿದವನು ರತ್ನಗಿರಿಯ ರಂಗಪ್ಪ ನಾಯಕ. ಮೇಲಿನ ಅರಸ ದುರ್ಬಲನಾದಷ್ಟೂ ಇಂಥವರ ಕೋಟೆಗಳು ಎತ್ತರವಾದವು. ತುಮಕೂರು ಸುತ್ತಮುತ್ತ ಬೆಟ್ಟಕ್ಕೊಂದು ದುರ್ಗ ಕಾಣುವುದಕ್ಕೆ ಹಂಪೆಯ ನಂತರದ ಈ ರಾಜಕೀಯವೂ ಒಂದು ಕಾರಣ.

ವೆಂಕಟಪತಿರಾಯನ ಇಪ್ಪತ್ತೆಂಟು ವರ್ಷ

1586ರಲ್ಲಿ ಕಿರಿಯ ಮಗ ವೆಂಕಟಪತಿರಾಯ ಪಟ್ಟಕ್ಕೆ ಬಂದ. ಆರವೀಡು ಅರಸರಲ್ಲಿ ಇವನೇ ಸಮರ್ಥ ಎಂಬ ಮಾತಿನಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿಲ್ಲ. ಗೋಲ್ಕೊಂಡದ ದಾಳಿಗಳನ್ನು ಎದುರಿಸಿದ, ತಿರುಗಿಬಿದ್ದ ನಾಯಕರನ್ನು ಬಗ್ಗಿಸಿದ. ಆದರೆ ಪೆನುಕೊಂಡ ಶತ್ರುಗಳಿಗೆ ತೀರ ಹತ್ತಿರವೆನಿಸಿ ರಾಜಧಾನಿಯನ್ನು ತಿರುಪತಿಯ ಬಳಿಯ ಚಂದ್ರಗಿರಿಗೆ ಬದಲಾಯಿಸಿದ. ಕೊನೆಗಾಲದಲ್ಲಿ ವೆಲ್ಲೂರು ಕೂಡ ಆಸ್ಥಾನವಾಯಿತು. ಚಂದ್ರಗಿರಿಯಲ್ಲಿ ರಾಜಮಹಲ್, ರಾಣಿಮಹಲ್‌ಗಳು ಈಗಲೂ ನಿಂತಿವೆ.

ಈ ಸ್ಥಳಾಂತರದ ಗುರುತು ನಾಣ್ಯಗಳ ಮೇಲೂ ಬಿದ್ದಿದೆ. ಹಂಪೆಯ ಅರಸರ ಅಂಕಿತ ವಿರೂಪಾಕ್ಷನದಾಗಿತ್ತು. ವೆಂಕಟಪತಿರಾಯನ ಚಿನ್ನದ ವರಹಗಳ ಮೇಲೆ ತಿರುಪತಿಯ ವೆಂಕಟೇಶ್ವರ ಬಂದು ನಿಂತ. ವೆಂಕಟೇಶನ ಮೂರ್ತಿಯುಳ್ಳ ಇಂಥ ವರಹಗಳಿಗೆ ಪೇಟೆಯಲ್ಲಿ ಎಷ್ಟು ನಂಬಿಕೆ ಬೆಳೆಯಿತೆಂದರೆ, ಮುಂದೆ ಮದರಾಸಿನ ಇಂಗ್ಲಿಷ್ ಕಂಪನಿ ಕೂಡ ಅದೇ ಮಾದರಿಯಲ್ಲಿ ನಾಣ್ಯ ಟಂಕಿಸಿತು. ಕ್ರೈಸ್ತ ವ್ಯಾಪಾರಿಗಳ ಟಂಕಸಾಲೆಯಲ್ಲಿ ತಿಮ್ಮಪ್ಪನ ನಾಣ್ಯ ಅಚ್ಚಾಗುವ ವಿಚಿತ್ರ ಹೀಗೆ ನಡೆಯಿತು.

ಇದೇ ಕಾಲದಲ್ಲಿ ಕನ್ನಡ ಸೀಮೆ ಕೈಜಾರಿತು. ಶ್ರೀರಂಗಪಟ್ಟಣದಲ್ಲಿ ರಾಮನ ಮಗ ತಿರುಮಲ ಪ್ರತಿನಿಧಿಯಾಗಿದ್ದ. 1610ರಲ್ಲಿ ಮೈಸೂರಿನ ರಾಜ ಒಡೆಯರು ಪಟ್ಟಣವನ್ನು ವಶಪಡಿಸಿಕೊಂಡರು. ಪ್ರತಿನಿಧಿ ತಲಕಾಡಿನ ಕಡೆಗೆ ಸರಿದ. ಅಲಮೇಲಮ್ಮನ ಶಾಪದ ಐತಿಹ್ಯ ಹುಟ್ಟಿಕೊಂಡದ್ದು ಈ ಸಂದರ್ಭಕ್ಕೆ. ವಿಜಯನಗರದ ಮಹಾನವಮಿಯ ಉತ್ಸವವನ್ನು ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ್ದೂ ಅದೇ ವರ್ಷ. ಇಂದಿನ ಮೈಸೂರು ದಸರಾದ ಮೂಲ ಅಲ್ಲಿದೆ.

ಇಷ್ಟಾದ ಮೇಲೆ ನಡೆದದ್ದು ಗಮನಿಸಬೇಕಾದ ಸಂಗತಿ. ತನ್ನ ಅಣ್ಣನ ಮಗನನ್ನು ಓಡಿಸಿದ ರಾಜ ಒಡೆಯರ ಮೇಲೆ ವೆಂಕಟಪತಿರಾಯ ದಂಡೆತ್ತಿ ಬರಲಿಲ್ಲ. 1612ರಲ್ಲಿ ಶ್ರೀರಂಗಪಟ್ಟಣ ಮತ್ತು ಉಮ್ಮತ್ತೂರು ಸೀಮೆಗಳನ್ನು ಅವರಿಗೇ ಉಂಬಳಿಯಾಗಿ ಕೊಟ್ಟು ಶಾಸನ ಹೊರಡಿಸಿದ. ಗೆದ್ದವರಿಗೆ ಗೆದ್ದದ್ದನ್ನೇ ದಾನ ಮಾಡಿದಂತಾಯಿತು. ಮೇಲುನೋಟಕ್ಕೆ ಇದು ನಗೆಪಾಟಲು. ಆದರೆ ಇಬ್ಬರಿಗೂ ಅದು ಬೇಕಾಗಿತ್ತು. ಕತ್ತಿಯಿಂದ ಗೆದ್ದ ನೆಲ ನ್ಯಾಯವಾಗಿ ತನ್ನದೆಂದು ಹೇಳಿಕೊಳ್ಳಲು ಒಡೆಯರಿಗೆ ರಾಯರ ಒಂದು ಪತ್ರ ಬೇಕು. ನೆಲ ಹೋದರೂ ಅದನ್ನು ಕೊಡುವ ಹಕ್ಕು ತನ್ನದೇ ಎಂದು ತೋರಿಸಲು ರಾಯರಿಗೆ ಪತ್ರ ಬೇಡುವವರೊಬ್ಬರು ಬೇಕು. ಆರವೀಡು ಅರಸರ ಕೊನೆಯ ಐವತ್ತು ವರ್ಷಗಳ ರಾಜಕಾರಣ ಬಹುಮಟ್ಟಿಗೆ ಈ ಲೆಕ್ಕದ ಮೇಲೆಯೇ ನಡೆಯಿತು.

ಬಟ್ಟೆಗಂಟಿನಲ್ಲಿ ಉಳಿದ ವಂಶ

1614ರಲ್ಲಿ ವೆಂಕಟಪತಿರಾಯ ತೀರಿಕೊಂಡ. ಅನೇಕ ಮಂದಿ ರಾಣಿಯರಿದ್ದರೂ ಮಕ್ಕಳಿರಲಿಲ್ಲ. ಒಬ್ಬ ರಾಣಿ ಬೇರೆಯವರ ಮಗುವನ್ನು ತಂದು ತನ್ನದೆಂದು ತೋರಿಸಿಕೊಂಡಿದ್ದಳು. ರಾಯನಿಗೆ ಇದು ಗೊತ್ತಿತ್ತು. ಸಾಯುವ ಮುನ್ನ ಅಣ್ಣನ ಮಗ ಶ್ರೀರಂಗನಿಗೆ ಮುದ್ರೆಯುಂಗುರ ಕೊಟ್ಟು ಉತ್ತರಾಧಿಕಾರಿಯೆಂದು ಸಾರಿದ. ರಾಣಿಯ ತವರಿನ ಜಗ್ಗರಾಯ ಇದನ್ನು ಒಪ್ಪದೆ ಹೊಸ ಅರಸನನ್ನು ಹೆಂಡತಿ ಮಕ್ಕಳ ಸಮೇತ ಸೆರೆಯಲ್ಲಿಟ್ಟ.

ಮುಂದಿನದನ್ನು ಪೋರ್ಚುಗೀಸ್ ಪಾದ್ರಿ ಮನುವೆಲ್ ಬರ್ರಾದಸ್ 1616ರಲ್ಲಿ ಬರೆದ ಪತ್ರ ವಿವರಿಸುತ್ತದೆ. ರಾಜನಿಷ್ಠನಾಗಿದ್ದ ಯಾಚಮ ನಾಯಕ ಸೆರೆಯಲ್ಲಿದ್ದವರನ್ನು ಬಿಡಿಸಲು ಹಲವು ಉಪಾಯ ಹೂಡಿದ. ಅರಮನೆಯ ಬಟ್ಟೆ ಒಗೆಯುವ ಅಗಸನೊಬ್ಬ ಹನ್ನೆರಡು ವರ್ಷದ ರಾಜಕುಮಾರನನ್ನು ಮೈಲಿಗೆ ಬಟ್ಟೆಯ ಗಂಟಿನಲ್ಲಿ ಸುತ್ತಿ ಹೊರಗೆ ಸಾಗಿಸಿದ. ಉಳಿದವರಿಗೆ ಆ ಭಾಗ್ಯವಿರಲಿಲ್ಲ. ಜಗ್ಗರಾಯ ಶ್ರೀರಂಗನನ್ನೂ ಅವನ ಸಂಸಾರವನ್ನೂ ಕೊಲ್ಲಿಸಿದ. ಸಾಮ್ರಾಜ್ಯದ ಹೆಸರು ಆ ದಿನ ಉಳಿದದ್ದು ಬರ್ರಾದಸನ ಪತ್ರದಲ್ಲಿ ‘ಅಗಸ’ ಎಂದಷ್ಟೇ ಕರೆಸಿಕೊಂಡ ಒಬ್ಬ ಸೇವಕನ ಬೆನ್ನ ಮೇಲೆ.

ದಕ್ಷಿಣದ ನಾಯಕರು ಎರಡು ಪಕ್ಷವಾದರು. ತಂಜಾವೂರು ಯಾಚಮನ ಕಡೆ ನಿಂತಿತು, ಮಧುರೆ ಮತ್ತು ಜಿಂಜಿ ಜಗ್ಗರಾಯನ ಕಡೆ. ತಿರುಚಿರಾಪಳ್ಳಿಯ ಸಮೀಪ ತೋಪೂರಿನಲ್ಲಿ ನಡೆದ ಕಾಳಗದಲ್ಲಿ ಜಗ್ಗರಾಯ ಸತ್ತ. ಗಂಟಿನಲ್ಲಿ ಪಾರಾಗಿದ್ದ ಹುಡುಗ ರಾಮದೇವರಾಯನೆಂಬ ಹೆಸರಿನಿಂದ ಪಟ್ಟಕ್ಕೆ ಬಂದು 1632ರವರೆಗೆ ಆಳಿದ. ವಂಶ ಉಳಿಯಿತು. ಆದರೆ ನಾಯಕರು ಈಗ ತಾವೇ ರಾಯರನ್ನು ಕೂರಿಸುವವರು, ಇಳಿಸುವವರು ಎಂದು ಅರಿತುಬಿಟ್ಟಿದ್ದರು.

ಮದರಾಸಿನ ಕಾಗದ, ಬೆಂಗಳೂರಿನ ಸೋಲು

ರಾಮದೇವನ ನಂತರ ಮೂರನೇ ವೆಂಕಟ ಬಂದ. ಅವನ ಕಾಲದಲ್ಲಿ ಒಂದು ವರ್ಷದ ಅಂತರದಲ್ಲಿ ಎರಡು ಘಟನೆಗಳು ನಡೆದವು. 1638ರಲ್ಲಿ ವಿಜಾಪುರದ ಸೇನಾನಿ ರಣದುಲ್ಲಾ ಖಾನ್ ಕನ್ನಡ ಸೀಮೆಯ ಮೇಲೆ ಬಂದು ಕೆಂಪೇಗೌಡರಿಂದ ಬೆಂಗಳೂರನ್ನು ಕಸಿದ. ಕೆಂಪೇಗೌಡರ ಮನೆತನ ಮಾಗಡಿಗೆ ಸರಿಯಿತು. ಬೆಂಗಳೂರು ಶಿವಾಜಿಯ ತಂದೆ ಷಹಾಜಿಯ ಜಹಗೀರಾಯಿತು. ಶಿರಾ ಕೂಡ ಇದೇ ದಂಡಯಾತ್ರೆಯಲ್ಲಿ ವಿಜಾಪುರದ ಪಾಲಾಯಿತು.

ಮರುವರ್ಷ, 1639ರ ಆಗಸ್ಟ್‌ನಲ್ಲಿ, ಪೂರ್ವ ಕರಾವಳಿಯಲ್ಲಿ ರಾಯರ ಅಧೀನದ ನಾಯಕ ದಾಮರ್ಲ ವೆಂಕಟಾದ್ರಿಯಿಂದ ಇಂಗ್ಲಿಷ್ ಕಂಪನಿಯ ಫ್ರಾನ್ಸಿಸ್ ಡೇ ಮರಳು ದಂಡೆಯ ಒಂದು ತುಂಡನ್ನು ಕೋಟೆ ಕಟ್ಟಲು ಪಡೆದ. ಮದರಾಸು ನಗರ ಹುಟ್ಟಿದ್ದು ಆ ಕಾಗದದಿಂದ. ನಾಯಕನ ತಂದೆ ಚೆನ್ನಪ್ಪನ ಹೆಸರಿನಿಂದ ಚೆನ್ನಪಟ್ಟಣ ಎಂಬ ಹೆಸರು ಬಂತು, ಇಂದಿನ ಚೆನ್ನೈ ಅದರಿಂದ. ಕಂಪನಿಗೆ ನಾಯಕನ ಪತ್ರ ಸಾಕೆನಿಸಲಿಲ್ಲ. 1645ರಲ್ಲಿ ಆಗಿನ ರಾಯ ಮೂರನೇ ಶ್ರೀರಂಗನಿಂದಲೇ ಇನ್ನೊಂದು ಪತ್ರ ಪಡೆದರು. ಒಂದು ಕಡೆ ಗೋಲ್ಕೊಂಡ, ಇನ್ನೊಂದು ಕಡೆ ವಿಜಾಪುರ ನುಗ್ಗುತ್ತಿದ್ದಾಗ, ವೆಲ್ಲೂರಿನ ಕೋಟೆಯೇ ಅಲುಗಾಡುತ್ತಿದ್ದಾಗ, ವ್ಯಾಪಾರದ ಲೆಕ್ಕದಲ್ಲಿ ಬಲು ಜಾಣರಾದ ಇಂಗ್ಲಿಷರು ಆ ಅರಸನ ಮುದ್ರೆಗಾಗಿ ಕಾದರು.

ಕೊನೆಯ ರಾಯ

ಮೂರನೇ ಶ್ರೀರಂಗರಾಯ 1642ರಲ್ಲಿ ಪಟ್ಟವೇರಿದ. ಪಟ್ಟಕ್ಕೆ ಬರುವ ಮುನ್ನ ವಿಜಾಪುರದ ನೆರವು ಪಡೆದು ಹಿಂದಿನ ರಾಯನ ಮೇಲೆಯೇ ತಿರುಗಿಬಿದ್ದಿದ್ದವನು ಇವನು. ಅರಸನಾದ ಮೇಲೆ ಅದೇ ವಿಜಾಪುರದೊಡನೆ ಹೋರಾಡಬೇಕಾಯಿತು. ಇವನಲ್ಲಿ ಛಲವಿತ್ತು. ಹೆಸರಿಗೆ ಮಾತ್ರ ರಾಯನಾಗಿರಲು ಒಪ್ಪದೆ ನಾಯಕರಿಂದ ಕಪ್ಪ ವಸೂಲು ಮಾಡಲು, ಅವರನ್ನು ಹದ್ದುಬಸ್ತಿಗೆ ತರಲು ಹೊರಟ. ಪರಿಣಾಮ ತದ್ವಿರುದ್ಧವಾಯಿತು. ಮಧುರೆ, ತಂಜಾವೂರು, ಜಿಂಜಿಯ ನಾಯಕರು ಅವನ ವಿರುದ್ಧ ಒಂದಾದರು. ಮಧುರೆಯ ತಿರುಮಲ ನಾಯಕ ರಾಯನಿಗೆ ತಲೆಬಾಗುವ ಬದಲು ಗೋಲ್ಕೊಂಡದವರನ್ನು ಕರೆದ. 1640ರ ದಶಕ ಮುಗಿಯುವುದರೊಳಗೆ ವೆಲ್ಲೂರು ಹೋಯಿತು. ಅದರ ಹಿಂದೆಯೇ ರಾಯನನ್ನು ಕೆಡವಿದ ನಾಯಕರ ನೆಲವೂ ಒಂದೊಂದಾಗಿ ಸುಲ್ತಾನರ ಕೈಸೇರತೊಡಗಿತು.

ಇಲ್ಲಿ ಟ್ರೆಬಿಜೋಂಡಿನ ನೆನಪು ಮರಳುತ್ತದೆ. ಅಲ್ಲಿನ ಅರಸರು ದೊಡ್ಡ ಬಿರುದನ್ನು ಬಿಟ್ಟುಕೊಟ್ಟು, ತಮ್ಮ ಕರಾವಳಿಯ ಪಟ್ಟಿಯಷ್ಟನ್ನೇ ಭದ್ರಪಡಿಸಿಕೊಂಡು ಮುಂದೆ 179 ವರ್ಷ ಉಳಿದರು. ಶ್ರೀರಂಗರಾಯನಿಗೆ ಆ ದಾರಿ ತೆರೆದಿರಲಿಲ್ಲ. ನಾಯಕರು, ಒಡೆಯರು, ವಿದೇಶಿ ವ್ಯಾಪಾರಿಗಳು ಅವನನ್ನು ಗೌರವಿಸುತ್ತಿದ್ದುದೇ ಆ ದೊಡ್ಡ ಹೆಸರಿಗಾಗಿ. ಹೆಸರು ಬಿಟ್ಟರೆ ಅವನು ಹಲವು ನಾಯಕರಲ್ಲಿ ಒಬ್ಬ. ಹೆಸರಿಗೆ ತಕ್ಕಂತೆ ನಡೆಯಲು ಹೋದರೆ ಎಲ್ಲರಿಗೂ ಶತ್ರು.

ನೆಲೆ ಕಳೆದುಕೊಂಡ ರಾಯ ತಂಜಾವೂರು, ಮೈಸೂರು ಎಂದು ಅಲೆದು ಕೊನೆಗೆ ಕೆಳದಿಯ ಶಿವಪ್ಪ ನಾಯಕನ ಆಶ್ರಯಕ್ಕೆ ಬಂದ. ಶಿವಪ್ಪ ನಾಯಕ ಅವನಿಗೆ ಬೇಲೂರು, ಸಕ್ಕರೆಪಟ್ಟಣಗಳ ಸೀಮೆ ಬಿಟ್ಟುಕೊಟ್ಟು ಅರಸನಂತೆಯೇ ಇರಿಸಿದ. ರಾಯನ ಪರವಾಗಿ ಎಂದು ಹೇಳಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆಯನ್ನೂ ಹಾಕಿದ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಈ ಸಂಗತಿಗಳನ್ನು ದಾಖಲಿಸಿದೆ. ಸ್ವಾಮಿಭಕ್ತಿ ಇದ್ದಿರಬಹುದು. ರಾಯನ ಹೆಸರು ಮುಂದಿಟ್ಟುಕೊಂಡು ಮೈಸೂರಿನ ಮೇಲೆ ಹೋಗುವ ಅನುಕೂಲವೂ ಇತ್ತು. ಮುತ್ತಿಗೆ ಫಲಿಸಲಿಲ್ಲ. 1660ರಲ್ಲಿ ಶಿವಪ್ಪ ನಾಯಕ ತೀರಿಕೊಂಡ ಮೇಲೆ ರಾಯನ ಆಸರೆ ಕುಸಿಯಿತು. ಹಂಪೆಯಲ್ಲಿ ಹುಟ್ಟಿದ ಸಾಮ್ರಾಜ್ಯ ತೆಲುಗು, ತಮಿಳು ಸೀಮೆಗಳನ್ನೆಲ್ಲ ಸುತ್ತಿ, ಹೊಯ್ಸಳರ ಹಳೆಯ ರಾಜಧಾನಿಯಾದ ಬೇಲೂರಿನಲ್ಲಿ, ಕನ್ನಡ ನಾಡಿನಲ್ಲೇ ನಂದಿತು. ವಂಶದ ಒಂದು ಶಾಖೆ ಹಂಪೆಯ ಎದುರು ದಂಡೆಯ ಆನೆಗೊಂದಿಯಲ್ಲಿ ಉಳಿದುಕೊಂಡಿತು.

ಹೆಸರು ಎಲ್ಲೆಲ್ಲಿ ನಿಂತಿತು

ಅರಸರು ಹೋದರು, ಹೆಸರಿಗೆ ಹಕ್ಕುದಾರರು ಹುಟ್ಟಿಕೊಂಡರು. ಮೈಸೂರಿನ ಒಡೆಯರು ಕರ್ನಾಟಕ ಸಿಂಹಾಸನದ ಅಧೀಶ್ವರರೆಂದು ತಮ್ಮನ್ನು ಕರೆದುಕೊಂಡರು. ದಸರಾ ಸಮಯದಲ್ಲಿ ಮೈಸೂರು ಅರಮನೆಯಲ್ಲಿ ಜೋಡಿಸುವ ರತ್ನಸಿಂಹಾಸನದ ಐತಿಹ್ಯ ಕೂಡ ಇದೇ ದಾರಿಯಲ್ಲಿ ಸಾಗುತ್ತದೆ. ಪಾಂಡವರದ್ದಾಗಿದ್ದ ಆ ಸಿಂಹಾಸನ ಪೆನುಕೊಂಡೆಯಲ್ಲಿ ಹೂತುಹೋಗಿತ್ತಂತೆ, ವಿದ್ಯಾರಣ್ಯರು ಅದನ್ನು ಹರಿಹರನಿಗೆ ತೋರಿಸಿದರಂತೆ, ವಿಜಯನಗರದಿಂದ ಶ್ರೀರಂಗಪಟ್ಟಣಕ್ಕೆ ಬಂದು ರಾಜ ಒಡೆಯರ ಕೈಸೇರಿತಂತೆ. ಕಥೆಯನ್ನು ನಂಬುವುದು ಬಿಡುವುದು ಬೇರೆ ಮಾತು. ಕಥೆ ಕಟ್ಟಿದವರು ಪೆನುಕೊಂಡೆಯನ್ನು ಮರೆಯಲಿಲ್ಲ ಎಂಬುದು ಗಮನಾರ್ಹ.

ಇನ್ನೊಂದು ಕವಲು ಪೂರ್ವಕ್ಕೆ ಹರಿಯಿತು. ಕರ್ನಾಟ ಸಾಮ್ರಾಟರು ಚಂದ್ರಗಿರಿ, ವೆಲ್ಲೂರುಗಳಲ್ಲಿ ಕುಳಿತಿದ್ದರಿಂದ ಹೊರಗಿನವರಿಗೆ ಆ ಸೀಮೆಯೇ ‘ಕರ್ನಾಟಕ’ವೆಂದು ರೂಢಿಯಾಯಿತು. ವಿಜಾಪುರ, ಗೋಲ್ಕೊಂಡದವರು, ಅವರ ನಂತರ ಮೊಗಲರು, ಘಟ್ಟದ ಮೇಲಿನ ಸೀಮೆಯನ್ನು ಕರ್ನಾಟಕ ಬಾಲಾಘಾಟ್ ಎಂದೂ, ಕೆಳಗಿನದನ್ನು ಕರ್ನಾಟಕ ಪಾಯಿನ್‌ಘಾಟ್ ಎಂದೂ ವಿಂಗಡಿಸಿದರು. 1687ರಲ್ಲಿ ಮೊಗಲರು ಶಿರಾವನ್ನು ಮೇಲಿನ ಸೀಮೆಯ ಆಡಳಿತ ಕೇಂದ್ರ ಮಾಡಿಕೊಂಡರು. ಕೆಳಗಿನ ಸೀಮೆಗೆ ಆರ್ಕಾಟು ಕೇಂದ್ರವಾಯಿತು. ಕಾಲಕ್ರಮದಲ್ಲಿ ಮೇಲಿನದಕ್ಕೆ ಮೈಸೂರು ಎಂಬ ಹೆಸರು ಗಟ್ಟಿಯಾಯಿತು. ಇಂಗ್ಲಿಷರ ಬಾಯಲ್ಲಿ ‘ಕರ್ನಾಟಿಕ್’ ಎಂದರೆ ಆರ್ಕಾಟಿನ ಬಯಲು ಮಾತ್ರ ಎಂದಾಯಿತು. ಪಠ್ಯಪುಸ್ತಕದ ‘ಕರ್ನಾಟಿಕ್ ಯುದ್ಧ’ಗಳ ಒಗಟಿಗೆ ಉತ್ತರ ಇದು.

ಕನ್ನಡಿಗರು ತಮ್ಮ ನೆಲಕ್ಕೆ ತಮ್ಮದೇ ಹೆಸರನ್ನು ಮರಳಿ ಪಡೆಯಲು 1973ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಅಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಹೆಸರಿಗಾಗಿ ನಡೆದ ಚಳವಳಿಯನ್ನು ನಾವು ಪ್ರತಿ ವರ್ಷ ರಾಜ್ಯೋತ್ಸವದಲ್ಲಿ ಸ್ಮರಿಸುತ್ತೇವೆ. ಹರಿಹರ, ಬುಕ್ಕ, ಕೃಷ್ಣದೇವರಾಯರ ಭಾವಚಿತ್ರಗಳೂ ವೇದಿಕೆಯ ಮೇಲಿರುತ್ತವೆ. ಕಾಲಕ್ಕೆ ಸೋತು, ಸಂಬಂಧಿಕರಿಂದಲೇ ಪೆಟ್ಟು ತಿಂದು, ಆದರೂ ನೂರು ವರ್ಷ ಆ ಹೆಸರನ್ನು ಕೆಳಗಿಡದ ಪೆನುಕೊಂಡೆಯ ಅರಸರಿಗೆ ಅಲ್ಲಿ ಜಾಗವಿಲ್ಲ. ಅವರು ದೊಡ್ಡ ವಿಜಯಗಳನ್ನೇನೂ ಸಾಧಿಸಲಿಲ್ಲ. ಅವರು ಅದನ್ನು 1565ರಲ್ಲೇ ಕೈಬಿಟ್ಟಿದ್ದರೆ, ಒಡೆಯರಿಂದ ಇಂಗ್ಲಿಷರವರೆಗೆ ಎಲ್ಲರೂ ಬೆನ್ನಟ್ಟಿದ ಆ ಬೆಲೆ ಅದಕ್ಕೆ ಉಳಿಯುತ್ತಿದ್ದುದು ಅನುಮಾನ. ಮಧುಗಿರಿಯಾಚೆಯ ಆ ದೊಡ್ಡ ಬೆಟ್ಟ ಇಂದು ನೆರೆರಾಜ್ಯದ್ದು. ಅದರ ಮೇಲಿನ ಕೋಟೆಯ ಕಥೆಯಲ್ಲಿ ನಮ್ಮ ಪಾಲೂ ಇದೆ.